ಹದಿನಾರಾಣೆ ಹುಡುಕಿ ಹೊರಟು, ಹನ್ನೆರಡಾಣೆಗೆ ಒಪ್ಪಿಕೊಂಡೆ!

ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದರೆ ಗಂಡು ಹುಡುಕುವ ಪಾಡು ನಿಮಗೆ ಗೊತ್ತೇ ಇರುತ್ತದೆ. ಹುಡುಗ ಚೆನ್ನಾಗಿ ಓದಿದ್ದರೆ ನೌಕರಿ ಎಲ್ಲೋ ದೂರದ ಊರಿನಲ್ಲಿ. ನೌಕರಿ ಹತ್ತಿರವಿದ್ದರೆ ಸಂಬಳ ಸಾಲದು. ಎರಡೂ ಸರಿ ಎನ್ನುವಷ್ಟರಲ್ಲಿ ಜಾತಕ ಕೂಡುವುದಿಲ್ಲ. ಕೊನೆಗೆ ಮನೆಯ ಹಿರಿಯರು ಯಾರಾದರೂ, "ಹದಿನಾರಾಣೆ ಗಂಡನ್ನು ಆ ಬ್ರಹ್ಮನೂ ಮಾಡಿಲ್ಲ ಕಣಮ್ಮ, ಹನ್ನೆರಡಾಣೆ ಸಿಕ್ಕಿದರೆ ಒಪ್ಪಿಕೊಂಡುಬಿಡು" ಎಂದು ಬುದ್ಧಿ ಹೇಳುತ್ತಾರೆ.

ಕಳೆದ ವರ್ಷ ನಾನೂ ಇಂಥದೇ ಒಂದು ಹುಡುಕಾಟಕ್ಕೆ ಬಿದ್ದಿದ್ದೆ. ನಗಬೇಡಿ! ಹುಡುಕಿದ್ದು ಅಳಿಯನನ್ನಲ್ಲ, ಕೈಯಲ್ಲಿ ಹಿಡಿದು ಮನೆಯೆಲ್ಲ ಓಡಾಡಬಹುದಾದ ಒಂದು ಪುಟ್ಟ ಯಂತ್ರವನ್ನು. ಯುಗಾದಿಗೆ ಶುರುವಾದ ಹುಡುಕಾಟ ದಸರೆಯವರೆಗೂ ನಡೆಯಿತು. ಆ ಆರು ತಿಂಗಳಲ್ಲಿ ಕಲಿತದ್ದನ್ನೂ ಕಳೆದುಕೊಂಡದ್ದನ್ನೂ ನಿಮ್ಮ ಮುಂದೆ ಇಡೋಣ ಅಂತ ಇದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಅದೇ ದಾರಿಯಲ್ಲಿದ್ದರೆ ಉಪಯೋಗಕ್ಕೆ ಬಂದೀತು.

ನಮ್ಮ ಪಾಲಿಗೆ ಬರುವ ಫೋನು

ಮನೆಗೆ ಹೊಸ ಫೋನು ಬಂದರೆ ಮೊದಲು ಯಾರ ಕೈಗೆ ಹೋಗುತ್ತದೆ, ನೀವೇ ಹೇಳಿ. ಮಗನಿಗೆ. ಅವನದು ಯಜಮಾನರಿಗೆ. ಯಜಮಾನರದು ನಮಗೆ! ನನ್ನ ಹತ್ತಿರ ಇದ್ದದ್ದೂ ಹಾಗೆ ಮೂರು ಕೈ ದಾಟಿ ಬಂದದ್ದೇ. ಗಾಜಿನ ಮೂಲೆಯಲ್ಲಿ ಬಿರುಕು. ಬೆಳಿಗ್ಗೆ ತುಂಬಿಸಿದ ಬ್ಯಾಟರಿ ಮಧ್ಯಾಹ್ನದ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಖಾಲಿ. ಅರಸೀಕೆರೆಯಂಥ ಊರಿನಲ್ಲಿ ಕರೆಂಟು ಹೋದರೆ ಮುಗಿಯಿತು, ಮಗಳ ಜೊತೆ ಮಾತಿಲ್ಲ, ಮೊಮ್ಮಗುವಿನ ಮುಖವಿಲ್ಲ.

ಇಷ್ಟು ವರ್ಷ ಸುಮ್ಮನಿದ್ದವಳಿಗೆ ಆಸೆ ಹುಟ್ಟಿದ್ದು ಕಣ್ಣಿನಿಂದ. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು, ಇನ್ನೊಂದು ಸರದಿಯಲ್ಲಿತ್ತು. ಕಾದಂಬರಿ ಓದದೆ ಮಧ್ಯಾಹ್ನ ಕಳೆದವಳಲ್ಲ ನಾನು. ಈಗ ಅಚ್ಚಿನ ಅಕ್ಷರಗಳು ಇರುವೆ ಸಾಲಿನ ಹಾಗೆ ಕಾಣತೊಡಗಿದವು. "ಅಕ್ಷರ ದೊಡ್ಡದು ಮಾಡಿಕೊಂಡು ಓದಬಹುದಲ್ಲಮ್ಮ, ಒಂದು ಒಳ್ಳೆಯ ಸಾಧನ ತಗೋ" ಎಂದಳು ಪುಣೆಯಲ್ಲಿರುವ ಮಗಳು. ಚೀಟಿ ಎತ್ತಿದ ಹಣ ಹದಿನೈದು ಸಾವಿರ ಕೈಯಲ್ಲಿತ್ತು. ಈ ಸಲ ಹೊಸದು, ನನಗೇ ಅಂತ, ಮೊದಲ ಕೈಯಲ್ಲಿ ಎಂದು ನಿಶ್ಚಯಿಸಿದೆ.

ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಬೇಕಾದ್ದನ್ನೆಲ್ಲ ಬರೆದೆ. ಕಣ್ಣಿಗೆ ಹಿತವಾಗಿ ಪುಸ್ತಕ ಓದಬೇಕು. ಮೊಮ್ಮಗುವಿನ ಮುಖ ದೊಡ್ಡದಾಗಿ ಕಾಣಬೇಕು. ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ಹೊಸರುಚಿ ನೋಡಬೇಕು. ಆಕಾಶವಾಣಿ ಕೇಳಬೇಕು. ಹಾಲಿನ ಲೆಕ್ಕ, ದಿನಸಿ ಲೆಕ್ಕ ಕನ್ನಡದಲ್ಲೇ ಬರೆದಿಡಬೇಕು. ಕಡೂರಿನಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮನ ಹಸೆಹಾಡು, ಆರತಿಹಾಡುಗಳನ್ನು ಅವಳ ದನಿಯಲ್ಲೇ ಮುದ್ರಿಸಿಕೊಳ್ಳಬೇಕು. ಇಷ್ಟಾಗಿ ಅದು ಹೂವಿನಷ್ಟು ಹಗುರವಿರಬೇಕು, ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಸಬೇಕು, ಎರಡು ದಿನ ಚಾರ್ಜ್ ಬೇಡಬಾರದು, ಹದಿನೈದು ಸಾವಿರ ದಾಟಬಾರದು.

ಹಾಳೆ ನೋಡಿ ನಮ್ಮವರು ನಕ್ಕರು. "ಇದು ಯಂತ್ರವಲ್ಲ ಕಣೇ, ಕಾಮಧೇನು!"

ಒಂದು ಕೊಟ್ಟರೆ ಇನ್ನೊಂದನ್ನು ಕೇಳುತ್ತದೆ

ಮೊದಲು ಊರಿನ ಅಂಗಡಿ, ಆಮೇಲೆ ಹಾಸನ. ಒಂದು ಅಂಗಡಿಯ ಹುಡುಗ, "ಆಂಟಿ, ಇದರಲ್ಲಿ ಎಲ್ಲಾ ಇದೆ" ಅಂದ. ತೂಗಿ ನೋಡಿದರೆ ಅರ್ಧ ಕೆಜಿ. ಇನ್ನೊಬ್ಬ ತೋರಿಸಿದ್ದು ಹಗುರ, ಆದರೆ ಪರದೆ ನನ್ನ ಅಂಗೈಗಿಂತ ಕಿರಿದು. ಮನೆಗೆ ಬಂದು ಬೇಸರದಿಂದ ಮಗನಿಗೆ ಫೋನು ಮಾಡಿದೆ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ.

"ಅಮ್ಮ, ಒಂದೇ ಪಾತ್ರೆಯಲ್ಲಿ ದೋಸೆಯನ್ನೂ ಹುಯ್ದು, ಇಡ್ಲಿಯನ್ನೂ ಬೇಯಿಸಿ, ಹಾಲೂ ಕಾಯಿಸ್ತೀನಿ ಅಂದರೆ ಆಗತ್ತಾ?" ಎಂದ. ಅಷ್ಟು ಹೇಳಿದ್ದೇ ತಡ, ಅರ್ಥವಾಗತೊಡಗಿತು. ಅವನು ಹೇಳಿದ್ದನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲೇ ನಿಮಗೆ ಹೇಳುತ್ತೇನೆ.

ಪರದೆಯ ಅಳತೆ ಎಂದರೆ ಒಂದು ಮೂಲೆಯಿಂದ ಎದುರು ಮೂಲೆಗೆ ಎಷ್ಟು ಇಂಚು ಎಂಬ ಲೆಕ್ಕ. ಆರು ಇಂಚಿನ ದೋಸೆಗೂ ಹನ್ನೆರಡು ಇಂಚಿನ ದೋಸೆಗೂ ಹಿಟ್ಟು ಎರಡರಷ್ಟು ಸಾಕೇ? ಅಷ್ಟೇ ದಪ್ಪ ಹುಯ್ದರೆ ನಾಲ್ಕರಷ್ಟು ಬೇಕು! ಪರದೆಯೂ ಹಾಗೆಯೇ. ಇಂಚು ಸ್ವಲ್ಪ ಏರಿದರೂ ಜಾಗ ಬಹಳ ಏರುತ್ತದೆ, ಜೊತೆಗೆ ಗಾಜಿನ ಭಾರವೂ ಬೆಳಗಲು ಬೇಕಾದ ವಿದ್ಯುತ್ತೂ ಏರುತ್ತವೆ. ಆ ವಿದ್ಯುತ್ತಿಗೆ ದೊಡ್ಡ ಬ್ಯಾಟರಿ ಬೇಕು, ಬ್ಯಾಟರಿ ದೊಡ್ಡದಾದರೆ ಮತ್ತೆ ಭಾರ. ಈಗಿನ ಸಾಮಾನ್ಯ ಫೋನು ಸುಮಾರು 200 ಗ್ರಾಂ ತೂಗುತ್ತದೆ. ಎಂಟು ಇಂಚಿನ ಆಸುಪಾಸಿನ ಟ್ಯಾಬ್ಲೆಟ್ಟು 300ರಿಂದ 350 ಗ್ರಾಂ. ಹತ್ತು ಹನ್ನೊಂದು ಇಂಚಿನದು ಅರ್ಧ ಕೆಜಿಯ ಹತ್ತಿರ.

ಬ್ಯಾಟರಿಯ ಮೇಲೆ 5,000 ಎಂಎಎಚ್ ಎಂದೆಲ್ಲ ಬರೆದಿರುತ್ತಾರೆ. ಇದು ಮನೆಯ ನೀರಿನ ತೊಟ್ಟಿಗೆ ಎಷ್ಟು ಲೀಟರ್ ಹಿಡಿಯುತ್ತದೆ ಎಂದ ಹಾಗೆ. ತೊಟ್ಟಿ ಎಷ್ಟು ದಿನ ಬಂದೀತು ಎಂಬುದು ಮನೆಯಲ್ಲಿ ಎಷ್ಟು ನಲ್ಲಿ ಬಿಡುತ್ತೀರಿ ಎಂಬುದರ ಮೇಲಿದೆ. ದೊಡ್ಡ ಪರದೆ, ಹೆಚ್ಚು ಬೆಳಕು, ವಿಡಿಯೋ — ಇವೆಲ್ಲ ಬಿಟ್ಟ ನಲ್ಲಿಗಳೇ.

ಇನ್ನು ರ‍್ಯಾಮು, ಸ್ಟೋರೇಜು ಎಂದು ಅಂಗಡಿಯವರು ಗಾಬರಿ ಹುಟ್ಟಿಸುತ್ತಾರೆ. ಸ್ಟೋರೇಜು ಎಂದರೆ ಉಗ್ರಾಣ. ಎಷ್ಟು ಸಾಮಾನು ಇಡಬಹುದು ಎಂಬ ಲೆಕ್ಕ. ರ‍್ಯಾಮು ಎಂದರೆ ಅಡುಗೆ ಕಟ್ಟೆ. ಒಂದೇ ಹೊತ್ತಿಗೆ ಎಷ್ಟು ಕೆಲಸ ಹರಡಿಕೊಳ್ಳಬಹುದು ಎಂಬ ಲೆಕ್ಕ. ಉಗ್ರಾಣ ದೊಡ್ಡದಿದ್ದು ಕಟ್ಟೆ ಕಿರಿದಾದರೆ ಕೆಲಸ ನಿಧಾನ. ಇಷ್ಟೇ ವಿಷಯ.

ಓದುವುದಕ್ಕೆಂದೇ ಇರುವ ಇನ್ನೊಂದು ಜಾತಿಯ ಯಂತ್ರವಿದೆ. ಅದರ ಪರದೆಗೆ ಇ-ಇಂಕ್ ಎನ್ನುತ್ತಾರೆ. ಕಪ್ಪು, ಬಿಳಿ ಸಣ್ಣ ಕಣಗಳು ಸರಿದು ಅಕ್ಷರ ಮೂಡುತ್ತದೆ. ಪುಟ ತಿರುಗಿಸುವಾಗ ಮಾತ್ರ ಪರದೆಗೆ ವಿದ್ಯುತ್ತು ಬೇಕು, ಆದ್ದರಿಂದ ವಾರಗಟ್ಟಲೆ ಬಾಳಿಕೆ. ಬಿಸಿಲಲ್ಲೂ ಕಾಗದದ ಹಾಗೆ ಸ್ಪಷ್ಟ. ನೋಡಿ ಮನಸೋತೆ! ಆದರೆ ಅದರಲ್ಲಿ ಮೊಮ್ಮಗು ಕಾಣುವುದಿಲ್ಲ. ಅಷ್ಟೇ ಅಲ್ಲ, ನನಗೆ ಬೇಕಾದ ಹಳೆಯ ಕನ್ನಡ ಪುಸ್ತಕಗಳು ಬಹಳಷ್ಟು ಸಿಗುವುದು ಪುಟದ ಫೋಟೋ ತೆಗೆದ ರೂಪದಲ್ಲಿ. ಅಂಥದರಲ್ಲಿ ಅಕ್ಷರವನ್ನಷ್ಟೇ ದೊಡ್ಡದು ಮಾಡಲಾಗದು, ಇಡೀ ಪುಟವೇ ಹಿಗ್ಗಿ ಪರದೆಯಾಚೆ ಹೋಗುತ್ತದೆ. ಆರು ಇಂಚಿನ ಪರದೆಯಲ್ಲಿ ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆದಾಡುವುದು ಯಾರಿಂದಾದೀತು?

ಅಂತೂ ಪ್ರತಿ ವರನಿಗೂ ಒಂದೊಂದು ಊನ!

ದೊಡ್ಡವರ ಕನಸೂ ಹೀಗೇ ಆಗಿತ್ತು

ನಾನೊಬ್ಬಳೇ ಹುಚ್ಚಿಯೇನೋ ಅಂದುಕೊಂಡಿದ್ದೆ. ಮಗ ಕಳಿಸಿದ್ದನ್ನು ಓದಿದಾಗ ಸಮಾಧಾನವಾಯಿತು. ಅಮೆರಿಕದಲ್ಲಿ ಅಲನ್ ಕೇ ಎಂಬ ವಿಜ್ಞಾನಿ 1972ರಲ್ಲೇ ನನ್ನ ಹಾಳೆಯಂಥದೇ ಒಂದು ಪಟ್ಟಿ ಬರೆದಿದ್ದರಂತೆ. ನೋಟ್‌ಬುಕ್ಕಿನಷ್ಟೇ ಇರುವ, ಮಕ್ಕಳೂ ಹೊತ್ತೊಯ್ಯಬಹುದಾದ ಕಂಪ್ಯೂಟರು. ಅದಕ್ಕೆ ಡೈನಾಬುಕ್ ಎಂದು ಹೆಸರಿಟ್ಟರು, ರಟ್ಟಿನಲ್ಲಿ ಮಾದರಿಯನ್ನೂ ಮಾಡಿದರು. ಆದರೆ ಅದನ್ನು ನಿಜವಾಗಿ ಮಾಡುವ ಸಾಮಗ್ರಿ ಆಗ ಇರಲಿಲ್ಲ. ಅವರು ಕೈಕಟ್ಟಿ ಕೂತರೇ? ಇಲ್ಲ. 1973ರಲ್ಲಿ ಅವರ ಸಂಸ್ಥೆಯಲ್ಲಿ ತಯಾರಾದ ಆಲ್ಟೋ ಎಂಬ ಯಂತ್ರವನ್ನು "ಸದ್ಯಕ್ಕೆ ಇದೇ ಡೈನಾಬುಕ್" ಎಂದು ಒಪ್ಪಿಕೊಂಡು ಕೆಲಸ ಮಾಡಿದರು. ಅದನ್ನು ಹೊತ್ತು ತಿರುಗುವುದು ಹಾಗಿರಲಿ, ಮೇಜಿನ ಕೆಳಗಿನ ಜಾಗವನ್ನೆಲ್ಲ ಅದೇ ತುಂಬುತ್ತಿತ್ತು!

1981ರಲ್ಲಿ ಆಸ್‌ಬೋರ್ನ್ ಎಂಬ ಕಂಪ್ಯೂಟರು ಬಂತು. "ಹೊತ್ತೊಯ್ಯಬಹುದು" ಎಂದೇ ಮಾರಿದರು. ತೂಕ ಸುಮಾರು 11 ಕೆಜಿ, ಪರದೆ ಐದೇ ಇಂಚು. ನಮ್ಮ ಹೊಲಿಗೆ ಯಂತ್ರವನ್ನು ಹಿಡಿಯಿಂದ ಎತ್ತಿಕೊಂಡು ಹೋದ ಹಾಗೆ. ಆದರೂ ಜನ ಕೊಂಡರು, ಬಳಸಿದರು.

ನಮ್ಮ ಕರ್ನಾಟಕದ್ದೇ ಒಂದು ಕಥೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಕೆಲವು ಎಂಜಿನಿಯರುಗಳೂ ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈ ಯಂತ್ರವನ್ನು ತೋರಿಸಿದರು. ಓದುಬರಹ ಬಾರದವರಿಗೂ ನಮ್ಮ ಭಾಷೆಗಳಲ್ಲಿ ಓದಿ ಹೇಳಬೇಕು, ಒಂದೇ ಯಂತ್ರವನ್ನು ಊರಿನ ಹಲವರು ತಮ್ಮ ತಮ್ಮ ಕಾರ್ಡು ಹಾಕಿ ಹಂಚಿಕೊಂಡು ಬಳಸಬೇಕು, ಬೆಲೆ ಒಂಬತ್ತು ಸಾವಿರದ ಸುತ್ತಮುತ್ತ ಇರಬೇಕು ಎಂಬುದು ಅವರ ಆಸೆ. ಎಂಥ ದೊಡ್ಡ ಮನಸ್ಸು ನೋಡಿ! 2004ರಲ್ಲಿ ಅದು ಮಾರುಕಟ್ಟೆಗೂ ಬಂತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅವರು ಕಂಡ ಕನಸು ಬೇರೆ ದಾರಿಯಿಂದ, ಬೇರೆಯವರ ಫೋನುಗಳ ರೂಪದಲ್ಲಿ ನಮ್ಮ ಮನೆಗೆ ಬಂತು.

ಇಷ್ಟು ಓದಿದವರೇ ಹದಿನಾರಾಣೆ ಮಾಡಲಾಗದೆ ಹೋದ ಮೇಲೆ, ಅಂಗಡಿಯಲ್ಲಿ ನಿಂತು ನಾನು ಹಟ ಹಿಡಿದರೆ ಹೇಗೆ?

ರವೆ ಪೊಟ್ಟಣದ ಪರೀಕ್ಷೆ

ಇದರಲ್ಲೇ ಒಂದು ಉಪಾಯವೂ ಸಿಕ್ಕಿತು. 1996ರಲ್ಲಿ ಪೈಲಟ್ ಎಂಬ ಜೇಬಿನ ಯಂತ್ರ ಬಂತು. ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಮೊದಲು ಯಂತ್ರ ಮಾಡಲಿಲ್ಲ. ಅಷ್ಟೇ ಅಳತೆಯ ಮರದ ತುಂಡೊಂದನ್ನು ಕೊಯ್ದು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಯಾರಾದರೂ ಏನಾದರೂ ಕೇಳಿದರೆ ಮರದ ತುಂಡು ತೆಗೆದು ಬರೆದಂತೆ ನಟಿಸುತ್ತಿದ್ದರಂತೆ! ಯಾವಾಗ ಬೇಕಾಗುತ್ತದೆ, ಯಾವುದಕ್ಕೆ ಬೇಕಾಗುತ್ತದೆ ಎಂಬುದು ಅದರಿಂದಲೇ ತಿಳಿಯಿತು.

ನಾನೂ ಹಾಗೇ ಮಾಡಿದೆ. ಸೀರೆ ಡಬ್ಬಿಯ ರಟ್ಟಿನಲ್ಲಿ ಎರಡು ಅಳತೆ ಕತ್ತರಿಸಿದೆ, ಒಂದು ಎಂಟು ಇಂಚಿನದು, ಇನ್ನೊಂದು ಹನ್ನೊಂದು ಇಂಚಿನದು. ಪ್ಲಾಸ್ಟಿಕ್ ಚೀಲದಲ್ಲಿ ರವೆ ತುಂಬಿ, ಚಿಕ್ಕದಕ್ಕೆ ಮುನ್ನೂರೈವತ್ತು ಗ್ರಾಂ, ದೊಡ್ಡದಕ್ಕೆ ಅರ್ಧ ಕೆಜಿ ಕಟ್ಟಿದೆ. ಮಧ್ಯಾಹ್ನ ಮಲಗಿಕೊಂಡು ಪುಸ್ತಕ ಓದುವ ಹಾಗೆ ಮುಖದ ಮೇಲೆ ಹಿಡಿದೆ. ದೊಡ್ಡದು ಐದು ನಿಮಿಷಕ್ಕೆ ಮಣಿಕಟ್ಟು ನೋಯಿಸಿತು. ಚಿಕ್ಕದನ್ನು ಹದಿನೈದು ನಿಮಿಷ ಹಿಡಿದೆ. ಅಡುಗೆ ಕಟ್ಟೆಯ ಮೇಲೆ ನಿಲ್ಲಿಸಿ ನೋಡಿದೆ. ದೊಡ್ಡದು ಇಟ್ಟರೆ ಲಟ್ಟಣಿಗೆಗೆ ಜಾಗವಿಲ್ಲ! ನಮ್ಮವರು ಬಾಗಿಲಲ್ಲಿ ನಿಂತು, "ಅದಕ್ಕೆ ಉಪ್ಪಿಟ್ಟು ಮಾಡೋ ಯೋಚನೆ ಏನಾದರೂ ಇದೆಯಾ?" ಅಂತ ಕೇಳಿದರು. ಕೇಳಲಿ ಬಿಡಿ. ಒಂದು ವಾರದಲ್ಲಿ ರಟ್ಟು ಹೇಳಿಕೊಟ್ಟದ್ದನ್ನು ಯಾವ ಅಂಗಡಿಯವನೂ ಹೇಳಿರಲಿಲ್ಲ.

ವಾರದ ಲೆಕ್ಕವನ್ನೂ ಬರೆದಿಟ್ಟೆ. ಏಳು ದಿನದಲ್ಲಿ ಓದಲು ಕೈಗೆತ್ತಿಕೊಂಡದ್ದು ಏಳೂ ದಿನ. ಮಗಳ ಜೊತೆ ಮಾತು ನಾಲ್ಕು ದಿನ. ಹೊಸರುಚಿ ಎರಡು ಸಲ. ಲೆಕ್ಕ ಬರೆಯಲು ಒಮ್ಮೆಯೂ ಇಲ್ಲ, ನನ್ನ ಕ್ಯಾಲೆಂಡರಿನ ಹಿಂಬದಿಯೇ ಅದಕ್ಕೆ ವಾಸಿ! ಹಾಳೆಯಲ್ಲಿದ್ದ ಅರ್ಧ ಆಸೆಗಳು ನನ್ನವೇ ಅಲ್ಲ, ಜಾಹೀರಾತು ನೋಡಿ ಹುಟ್ಟಿದವು ಎಂದು ಗೊತ್ತಾಯಿತು.

ಅಮ್ಮನ ಹಾಡು

ಇಲ್ಲಿಯವರೆಗೆ ನಗುನಗುತ್ತ ಹೇಳಿದೆ. ಮುಂದಿನದನ್ನು ಹೇಳದೆ ಬಿಟ್ಟರೆ ಈ ಲೇಖನಕ್ಕೆ ಅರ್ಥವಿಲ್ಲ.

ನನ್ನ ಅಮ್ಮನಿಗೆ ಎಂಬತ್ತನಾಲ್ಕು. ನಮ್ಮ ಕಡೆ ಯಾವ ಮದುವೆಯಾದರೂ ಹಸೆಗೆ ಕರೆಯಲು ಅವಳೇ ಬೇಕು. ನಲವತ್ತಕ್ಕೂ ಹೆಚ್ಚು ಹಾಡು ಬಾಯಲ್ಲಿದ್ದವು, ಒಂದನ್ನೂ ಬರೆದಿಟ್ಟಿರಲಿಲ್ಲ. ಯುಗಾದಿಯಲ್ಲಿ ಹೋದಾಗ, "ಒಳ್ಳೆಯದೊಂದು ತಗೊಂಡು ಬರ್ತೀನಮ್ಮ, ಎಲ್ಲಾ ಹಾಡು ಹಿಡಿದಿಟ್ಟುಕೊಳ್ಳೋಣ" ಎಂದಿದ್ದೆ. ಅರಸೀಕೆರೆಯಿಂದ ಕಡೂರು ರೈಲಿನಲ್ಲಿ ಗಂಟೆಯೊಳಗಿನ ದಾರಿ. ಹೋದಾಗಲೆಲ್ಲ ಅವಳೇ ಕೇಳುವಳು, "ಬಂತೇನೇ ನಿನ್ನ ಪೆಟ್ಟಿಗೆ?" "ಇನ್ನೂ ಇಲ್ಲಮ್ಮ, ಮುಂದಿನ ತಿಂಗಳು ಇನ್ನೂ ಒಳ್ಳೆಯದು ಬರತ್ತಂತೆ."

ಶ್ರಾವಣದಲ್ಲಿ ಅಮ್ಮನಿಗೆ ಸಣ್ಣದಾಗಿ ಲಕ್ವ ಹೊಡೆಯಿತು. ದೇವರ ದಯೆ, ಎದ್ದು ಓಡಾಡುತ್ತಿದ್ದಾಳೆ. ಆದರೆ ನಾಲಿಗೆ ತೊದಲುತ್ತದೆ, ಹಾಡಿನ ಅರ್ಧಕ್ಕೆ ಬಂದಾಗ ಮುಂದಿನ ಸಾಲು ನೆನಪಾಗದೆ ನಮ್ಮ ಮುಖ ನೋಡುತ್ತಾಳೆ.

ನವರಾತ್ರಿಯಲ್ಲಿ ಅವಳ ಪಕ್ಕ ಕೂತು, ಬಿರುಕು ಬಿಟ್ಟ ಆ ಹಳೆಯ ಫೋನಿನಲ್ಲೇ ಮುದ್ರಿಸಿದೆ. ಮೂರು ದಿನದಲ್ಲಿ ಹನ್ನೊಂದು ಹಾಡು ಸಿಕ್ಕಿದವು. ದನಿ ಚೆನ್ನಾಗಿಯೇ ಬಂದಿದೆ. ಧ್ವನಿ ಮುದ್ರಿಸುವ ಸೌಕರ್ಯ ಆ ಫೋನಿನಲ್ಲಿ ಮೊದಲಿನಿಂದಲೂ ಇತ್ತು! ಯುಗಾದಿಯ ದಿನವೂ ಇತ್ತು. ಸೆರಗಿಗೆ ಕಟ್ಟಿಕೊಂಡಂತೆ ಸದಾ ಜೊತೆಗಿದ್ದುದನ್ನು ಬಿಟ್ಟು, ಇನ್ನೂ ಬಾರದೇ ಇದ್ದುದಕ್ಕೆ ಕಾದೆ. ಉಳಿದ ಹಾಡುಗಳು ಎಲ್ಲಿಂದ ಬರಬೇಕು?

ಹದಿನಾರಾಣೆಗೆ ಕಾಯುವುದಕ್ಕೂ ಬೆಲೆಯಿದೆ, ಸೋದರಿಯರೇ. ಅದನ್ನು ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ.

ಕೊನೆಗೆ ಮನೆಗೆ ಬಂದದ್ದು

ಕಡೂರಿನಿಂದ ಬಂದ ವಾರದಲ್ಲೇ ಕೊಂಡುಕೊಂಡೆ. ಎಂಟು ಇಂಚಿಗೆ ತುಸು ಮೇಲಿರುವ ಟ್ಯಾಬ್ಲೆಟ್ಟು, ಸಿಮ್ ಹಾಕಬಹುದಾದದ್ದು. ಹದಿನಾಲ್ಕು ಸಾವಿರವಾಯಿತು. ಅದರ ಕ್ಯಾಮೆರಾ ಸಾಧಾರಣ. ಎರಡು ಮೂರು ಕೆಲಸ ಒಟ್ಟಿಗೆ ಹೇಳಿದರೆ ಮುನಿಸಿಕೊಂಡ ಸೊಸೆಯ ಹಾಗೆ ನಿಧಾನ ಮಾಡುತ್ತದೆ. ಬಿಸಿಲಲ್ಲಿ ಹಿಡಿದರೆ ನನ್ನ ಮುಖವೇ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಸುವುದಿಲ್ಲ, ಅದಕ್ಕೆ ಹಳೆಯ ರೇಷ್ಮೆ ರವಿಕೆ ಬಟ್ಟೆಯಲ್ಲಿ ಒಂದು ಚೀಲ ಹೊಲಿದೆ. ಮಾತಿಗೆಂದು ಬಟನ್ ಫೋನೊಂದನ್ನು ಬೇರೆ ಇಟ್ಟುಕೊಂಡಿದ್ದೇನೆ. ಕರೆಂಟು ಹೋದರೂ ಅದು ಮೂರು ದಿನ ಬರುತ್ತದೆ, ರೇಡಿಯೋ ಕೂಡ ಅದರಲ್ಲೇ ಕೇಳುತ್ತೇನೆ.

ಆದರೆ ಅಕ್ಷರ ನನ್ನ ಕಣ್ಣಿಗೆ ಬೇಕಾದಷ್ಟು ದೊಡ್ಡದಾಗುತ್ತದೆ. ಫೋಟೋ ರೂಪದ ಹಳೆಯ ಪುಸ್ತಕವನ್ನು ಅಡ್ಡ ಹಿಡಿದರೆ ಸಾಲು ಪೂರ್ತಿ ಕಾಣುತ್ತದೆ. ಕಳೆದ ತಿಂಗಳು ಮೂರು ಕಾದಂಬರಿ ಮುಗಿಸಿದೆ! ಅಮ್ಮನ ಹನ್ನೊಂದು ಹಾಡುಗಳನ್ನು ಅದಕ್ಕೆ ಹಾಕಿಕೊಂಡು, ಕೇಳುತ್ತ ಕೇಳುತ್ತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎಲ್ಲಿಯಾದರೂ ಸಾಲು ಬಿಟ್ಟುಹೋಗಿದ್ದರೆ ಚಿಕ್ಕಮ್ಮನಿಗೆ ಫೋನು ಮಾಡಿ ಕೇಳುತ್ತೇನೆ. ಹೀಗೆ ಮೂರು ಹಾಡು ಪೂರ್ತಿಯಾಗಿವೆ. ಹನ್ನೆರಡಾಣೆಯ ವರ, ಆದರೆ ಮನೆಗೆ ಹೊಂದಿಕೊಂಡಿದ್ದಾನೆ.

ನೀವು ಕೊಳ್ಳುವ ಮುನ್ನ

1. ಬೇಕಾದ್ದನ್ನೆಲ್ಲ ಬರೆಯಿರಿ. ಆಮೇಲೆ ವಾರದಲ್ಲಿ ನಿಜವಾಗಿ ಮಾಡುವ ಮೂರೇ ಕೆಲಸ ಉಳಿಸಿ, ಉಳಿದದ್ದಕ್ಕೆ ಗೀಟು ಎಳೆಯಿರಿ.

2. ರಟ್ಟು, ರವೆಯ ಪರೀಕ್ಷೆ ಮಾಡಿ. ಕೈ ನೋಯುವ ಯಂತ್ರ ಎಷ್ಟು ಚೆನ್ನಾಗಿದ್ದರೂ ಬೀರು ಸೇರುತ್ತದೆ.

3. ಅಂಗಡಿಯಲ್ಲಿ ಬಣ್ಣದ ಚಿತ್ರ ನೋಡಿ ಮರುಳಾಗಬೇಡಿ. ಒಂದು ಪುಟ ಕನ್ನಡ ಓದಿ, ಎರಡು ಸಾಲು ಕನ್ನಡ ಬರೆದು ನೋಡಿ. ಮಾತಾಡಿದರೆ ತಾನೇ ಬರೆದುಕೊಳ್ಳುವ ಸೌಕರ್ಯ ಕನ್ನಡಕ್ಕೂ ಇದೆ, ಅದನ್ನೂ ತೋರಿಸಲು ಹೇಳಿ.

4. ಟ್ಯಾಬ್ಲೆಟ್ಟಾದರೆ ಸಿಮ್ ಹಾಕಬಹುದೇ ಎಂದು ಕೇಳಿ. ಕೆಲವಕ್ಕೆ ವೈಫೈ ಮಾತ್ರ ಸಾಧ್ಯ. ಸಿಮ್ ಹಾಕಿದರೂ ಕೆಲವದರಲ್ಲಿ ಸಾಮಾನ್ಯ ಕರೆ ಮಾಡಲಾಗುವುದಿಲ್ಲ.

5. ಸುರಕ್ಷತೆಯ ಅಪ್‌ಡೇಟು ಇನ್ನೆಷ್ಟು ವರ್ಷ ಬರುತ್ತದೆ ಎಂದು ಕೇಳಿ. ಬಹಳ ಹಳೆಯ ಮಾದರಿ ಅಗ್ಗಕ್ಕೆ ಸಿಕ್ಕರೂ ಬೇಗ ಮೂಲೆಗೆ ಬೀಳುತ್ತದೆ.

6. ಫೋನಿನಲ್ಲಿ ಎಫ್ಎಂ ರೇಡಿಯೋ ಬೇಕಾದರೆ ವಿಚಾರಿಸಿಯೇ ಕೊಳ್ಳಿ. ಎಲ್ಲದರಲ್ಲೂ ಇರುವುದಿಲ್ಲ. ಇದ್ದರೂ ಸಾಮಾನ್ಯವಾಗಿ ಇಯರ್‌ಫೋನಿನ ತಂತಿಯೇ ಅದಕ್ಕೆ ಏರಿಯಲ್, ಚುಚ್ಚದಿದ್ದರೆ ಬರೀ ಗೊರಗೊರ.

7. ಈ ಬ್ಯಾಟರಿಗಳಿಗೆ ಕಾವು ಆಗದು. ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡಬೇಡಿ. ಬ್ಯಾಟರಿ ಉಬ್ಬಿದಂತೆ ಕಂಡರೆ ಬಳಸುವುದನ್ನು ನಿಲ್ಲಿಸಿ ರಿಪೇರಿಯವರಿಗೆ ತೋರಿಸಿ.

ಎಲ್ಲಕ್ಕಿಂತ ಮುಖ್ಯ, ಈಗ ಕೈಯಲ್ಲಿರುವ ಫೋನನ್ನು ಒಮ್ಮೆ ಪೂರ್ತಿ ತೆರೆದು ನೋಡಿ. ನಿಮಗೆ ಬೇಕಾದ ಮೂರರಲ್ಲಿ ಒಂದಾದರೂ ಅದರಲ್ಲೇ ಇದ್ದೀತು. ಮನೆಯಲ್ಲಿ ಅಮ್ಮನೋ ಅತ್ತೆಯೋ ಹಾಡುವವರಿದ್ದರೆ, ಕಥೆ ಹೇಳುವವರಿದ್ದರೆ, ಹೊಸ ಯಂತ್ರ ಬರುವವರೆಗೆ ಕಾಯಬೇಡಿ. ಇವತ್ತು ಮಧ್ಯಾಹ್ನ ಊಟವಾದ ಮೇಲೆ ಪಕ್ಕದಲ್ಲಿ ಕೂತು, "ಅದೊಂದು ಹೇಳಮ್ಮ" ಅನ್ನಿ.

ಏನಂತೀರಿ?